ನಮ್ಮ ರಾಕ್ ಏಳರ ಲೆಕ್ಕಕ್ಕೆ ಬಂದಿದ್ದು ಹೀಗೆ

ನಮ್ಮದು ಬೆಂಗಳೂರಿನ ನಾಲ್ಕು ಜನರ ಬ್ಯಾಂಡು. ಗಿಟಾರ್ ನನ್ನದು. ಕಾಲೇಜು ಫೆಸ್ಟ್‌ಗಳಲ್ಲಿ ಬೇರೆ ಬೇರೆ ಬ್ಯಾಂಡುಗಳ ಜೊತೆ ಇಂಗ್ಲಿಷ್ ಕವರ್ ನುಡಿಸಿಕೊಂಡಿದ್ದವರು ನಾವು. ಒಬ್ಬ ಎಂಎಸ್ ಮಾಡೋಕೆ ಹೊರಟ, ಇನ್ನೊಬ್ಬನಿಗೆ ನೈಟ್ ಶಿಫ್ಟ್ ಬಂತು, ಆ ಬ್ಯಾಂಡುಗಳೆಲ್ಲ ಮುಗಿದವು. ಉಳಿದವರು ಸೇರಿಕೊಂಡೆವು, ಅಷ್ಟೇ. ಕನ್ನಡದಲ್ಲೇ ಹಾಡಬೇಕು ಅನ್ನೋದು ಮಾತ್ರ ನಮ್ಮ ಹಾಡುಗಾರ್ತಿಯ ಹಟ.

ಕನ್ನಡ ಬ್ಯಾಂಡು ಅಂದ ಕೂಡಲೇ ಜನ ಷರೀಫರ ಪದ ಕೇಳುತ್ತಾರೆ. ತಪ್ಪೇನಿಲ್ಲ. ರಘು ದೀಕ್ಷಿತ್ ಪ್ರಾಜೆಕ್ಟ್‌ನ ಮೊದಲ ಆಲ್ಬಂ ಬಂದಿದ್ದು 2008ರಲ್ಲಿ, ಸ್ವರಾತ್ಮ ಬ್ಯಾಂಡಿನದು 2009ರಲ್ಲಿ. ಜನಪದವನ್ನು ರಾಕ್‌ಗೆ ಬೆರೆಸುವ ಆ ದಾರಿಯಲ್ಲಿ ಅವರಷ್ಟು ಚೆನ್ನಾಗಿ ನಡೆಯೋಕೆ ನಮ್ಮಿಂದ ಆಗಲ್ಲ. ನಮಗೆ ಬೇಕಿದ್ದದ್ದು ಇನ್ನೂ ಭಾರವಾದ ಸದ್ದು.

ಶುರುವಿನಲ್ಲಿ ಜಗಳವೆಲ್ಲ ತಾಳದ್ದೇ. ರಾಕ್‌ನ ಮಾಮೂಲಿ ನಡೆ ನಾಲ್ಕರದು, ಎರಡನೇ ಮತ್ತು ನಾಲ್ಕನೇ ಏಟಿಗೆ ಸ್ನೇರ್, ಅಂದರೆ ಚಟ್ ಅನ್ನುವ ಡ್ರಮ್. ಇಂಗ್ಲಿಷ್‌ನಲ್ಲಿ ಪದದ ಒತ್ತು ಆ ಏಟಿಗೆ ಹೊಂದಿಕೊಂಡರೆ ಕೆಲಸ ಆಯಿತು. ಕನ್ನಡ ನಡೆಯೋದು ಲಘು ಗುರುವಿನ ಮೇಲೆ. ತಾಳದ ಒಂದು ಸುತ್ತು, ಅಂದರೆ ಬಾರ್, ತುಂಬಿಸಲು ಹ್ರಸ್ವವನ್ನು ಎಳೆದರೆ ಬಳೆ ಬಾಳೆಯಾಗಿಬಿಡುತ್ತದೆ. ಆಗ ದಾರಿ ತೋರಿಸಿದ್ದು ನಮ್ಮ ಬೇಸಿಸ್ಟ್. ಅವನು ಚಿಕ್ಕಂದಿನಲ್ಲಿ ಮೃದಂಗ ಕಲಿತವನು. ಸಾಲನ್ನು ಸುಮ್ನೆ ಓದಿಸಿ, ತೊಡೆ ತಟ್ಟಿಕೊಂಡು 'ತಕಿಟ ತಕಧಿಮಿ' ಅಂದ. ಮೂರು, ನಾಲ್ಕು. ಗಮಕಿಗಳು ಹಾಡುವ ಭಾಮಿನಿ ಷಟ್ಪದಿಯ ನಡೆಯೂ ಇದೇ ಅಲ್ವಾ? ಸಾಲು ಎಲ್ಲೂ ಎಳೆಯದೆ ಕೂತುಕೊಂಡಿತು.

ಹಾಗೆ ಏಳಕ್ಕೆ ಬಂದೆವು. ಕರ್ನಾಟಕ ಸಂಗೀತದ ಏಳು ಮಾತ್ರೆಯ ತಾಳ ಮಿಶ್ರಛಾಪುವಿನ ಹಾಗೆ ಮೊದಲನೇ ಮಾತ್ರೆಗೆ ಕಾಲಲ್ಲಿ ಹೊಡೆಯುವ ಕಿಕ್ ಡ್ರಮ್, ನಾಲ್ಕು ಮತ್ತು ಆರಕ್ಕೆ ಸ್ನೇರ್. ಸಾಹಿತ್ಯಕ್ಕೇನೋ ಚೆನ್ನಾಗಿತ್ತು, ಆದರೆ ಕೇಳುವವರಿಗೆ ತಲೆ ಆಡಿಸಲು ಆಗುತ್ತಿರಲಿಲ್ಲ. ಡ್ರಮ್ಮರ್ ಹೈಹ್ಯಾಟನ್ನು, ಅಂದರೆ ಜೋಡಿ ತಾಳದ ತಟ್ಟೆಯನ್ನು, ಎರಡು ಮಾತ್ರೆಗೊಂದರಂತೆ ಸಮನಾಗಿ ಹೊಡೆಯತೊಡಗಿದ. ಅದು ಒಂದು ಸುತ್ತಿನಲ್ಲಿ ಆಚೆ ಹೋಗುತ್ತದೆ, ಎರಡು ಸುತ್ತಿಗೆ, ಅಂದರೆ ಹದಿನಾಲ್ಕು ಮಾತ್ರೆಗೆ, ಮತ್ತೆ ಬಂದು ಕೂಡುತ್ತದೆ. ಜನರ ತಲೆ ಹೈಹ್ಯಾಟಿನ ಹಿಂದೆ ಹೋಗುತ್ತದೆ, ಪದ ಏಳರಲ್ಲೇ ಉಳಿಯುತ್ತದೆ. ನಮ್ಮ ಬ್ಯಾಂಡಿನಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಇದು.

ಆಮೇಲೆ ಗಿಟಾರಿನ ಸರದಿ. ನಮ್ಮ ಹಾಡುಗಾರ್ತಿ ಒಂದು ಹಾಡಿಗೆ ಹಿಂದೋಳ ರಾಗದಲ್ಲಿ ಧಾಟಿ ಹಾಕಿದಳು. ನಾನು ಪವರ್ ಕಾರ್ಡ್ ಹಿಡಿದೆ. ಅರ್ಧಕ್ಕೇ ನಿಲ್ಲಿಸಿ, "ಲೋ, ಪಂಚಮ ಯಾರೋ ಹಾಡ್ತಿರೋದು?" ಅಂದಳು. ಪವರ್ ಕಾರ್ಡ್ ಅಂದರೇ ಷಡ್ಜ ಮತ್ತು ಪಂಚಮ. ಹಿಂದೋಳದಲ್ಲಿ ಪಂಚಮವೇ ಇಲ್ಲ. ಗಿಟಾರಿನ ಸದ್ದನ್ನು ಒರಟು ಮಾಡುವ ಡಿಸ್ಟಾರ್ಷನ್ ಹಾಕಿದರೆ ಅದು ಇನ್ನೂ ಜೋರಾಗಿ ಕೂಗುತ್ತದೆ.

ಹಾಗಾಗಿ ಸ-ಮ, ಅಂದರೆ ಷಡ್ಜ ಮತ್ತು ಮಧ್ಯಮ, ಹಿಡಿಯತೊಡಗಿದೆ. ಅವಳ ಶ್ರುತಿ ಐದು, ಅಂದರೆ ಅವಳ ಷಡ್ಜ ಪಾಶ್ಚಾತ್ಯ ಸ್ವರದ ಜಿ. ಗಿಟಾರನ್ನು ಎಲ್ಲ ತಂತಿ ತಗ್ಗಿಸುವ ಡ್ರಾಪ್ ಸಿ ಟ್ಯೂನಿಂಗ್‌ಗೆ ಇಳಿಸಿದರೆ ಐದನೇ ತಂತಿ ಜಿ, ನಾಲ್ಕನೆಯದು ಸಿ. ಬೆರಳಿಡದೆಯೇ ಸ-ಮ ಸಿಗುತ್ತದೆ. ಮೂರನೇ ತಂತಿ ಎಫ್, ಹಿಂದೋಳದ ನಿಷಾದ! ತಂತಿ ಸಡಿಲವಾಗುತ್ತದೆ ಅಂತ ದಪ್ಪದ ಸೆಟ್ ಹಾಕಿದೆ. ಒಂದು ತೊಡಕು ಉಳಿಯಿತು. ಸ-ಮ ಜೊತೆಯಾಗಿ ಕೇಳಿದರೆ ಕಿವಿ ಮಧ್ಯಮವನ್ನೇ ಷಡ್ಜ ಅಂದುಕೊಳ್ಳುತ್ತದೆ, ಡಿಸ್ಟಾರ್ಷನ್ ಇದ್ದರಂತೂ ಜಾಸ್ತಿ. ಅದಕ್ಕೇ ಈ ಹಾಡಿನಲ್ಲಿ ಬೇಸ್ ಓಡಾಡೋದಿಲ್ಲ, ಷಡ್ಜ ಬಿಟ್ಟು ಕದಲುವುದಿಲ್ಲ. ನಾನೂ ಗೇನ್, ಅಂದರೆ ಡಿಸ್ಟಾರ್ಷನ್‌ನ ಪ್ರಮಾಣ, ಅರ್ಧಕ್ಕೆ ಇಳಿಸಿದೆ. ಕೇಳಿದವರು ಸದ್ದು ಇನ್ನೂ ಭಾರವಾಗಿದೆ ಅಂದರು.

ಪ್ರಾಕ್ಟೀಸ್ ಗಂಟೆ ಲೆಕ್ಕದ ಜ್ಯಾಮ್ ರೂಮಿನಲ್ಲಿ. ಮನೆ ಮಹಡಿಯ ರೂಮಿಗೆ ಮೊಟ್ಟೆ ಟ್ರೇ ಅಂಟಿಸಿ ಅನ್ನುವವರ ಮಾತು ನಂಬಬೇಡಿ. ಒಳಗಿನ ಗೂಂಯ್ ಸ್ವಲ್ಪ ಕಡಿಮೆಯಾಗಬಹುದು, ಪಕ್ಕದ ಮನೆಯ ಆಂಟಿಗೆ ಕಿಕ್ ಡ್ರಮ್ ಹಾಗೇ ಕೇಳುತ್ತದೆ.

ಸ್ಟೇಜಿನಲ್ಲಿ ಈಗ ಸೌಂಡ್ ಎಂಜಿನಿಯರಿಗೆ ಎರಡೇ ಮಾತು ಹೇಳುತ್ತೇವೆ. ಗಿಟಾರಿನಲ್ಲಿ 100 ಹರ್ಟ್ಸ್‌ಗಿಂತ ಕೆಳಗಿನದನ್ನು ತೆಗೆದುಬಿಡಿ, ಆ ಜಾಗ ಬೇಸಿನದು. ಹಾಡುಗಾರ್ತಿಗೆ ಕೇಳಿಸುವ ಮಾನಿಟರ್ ಸ್ಪೀಕರಿಗೆ ಗಿಟಾರ್ ಬೇಡ, ಷಡ್ಜ ಹಿಡಿದಿರುವ ಬೇಸ್ ಕೊಡಿ.