ತೆಂಗಿನಕಾಯಿ ಎದ್ದು ನಿಂತರೆ ನೀರಿದೆ ಅಂತ ಲೆಕ್ಕವಾ?

ಉಡುಪಿ ಹತ್ತಿರದ ಹಿರಿಯಡ್ಕದ ನಮ್ಮ ಹಿತ್ತಲಲ್ಲಿ ಬಾವಿ ತೋಡಿಸಬೇಕಿತ್ತು. ಭಾವ ನೀರು ನೋಡುವವರನ್ನು ಕರೆದುಕೊಂಡು ಬಂದರು. ಅಂಗೈ ಮೇಲೆ ಅಡ್ಡ ಮಲಗಿದ್ದ ತೆಂಗಿನಕಾಯಿ ಅಡುಗೆಮನೆ ಹಿಂದೆ ಬಂದಾಗ ಮೆಲ್ಲಗೆ ಎದ್ದು ನಿಂತಿತು. ನನಗೆ ಖುಷಿಯೋ ಖುಷಿ, ಪೈಪಿನ ಖರ್ಚೇ ಉಳಿಯಿತಲ್ಲ! ಅಲ್ಲಿಂದ ಟಾಯ್ಲೆಟ್ ಗುಂಡಿಗೆ ಇಪ್ಪತ್ತೇ ಅಡಿ ಅನ್ನುವುದು ರಾತ್ರಿ ಮಲಗಿದ ಮೇಲೆ ನೆನಪಾಯಿತು.

ಹಾಗಾಗಿ ಮೊದಲ ಕೆಲಸ: ಅವರು ಬರುವ ಮುಂಚೆಯೇ ಎಲ್ಲಿ ನೀರು ಸಿಕ್ಕರೆ ನಿಮಗೆ ಅನುಕೂಲ ಅಂತ ಚೀಟಿಯಲ್ಲಿ ಬರೆದಿಡಿ. ಅಲ್ಲೇ ತೋರಿಸಿದರೆ ಜಾಸ್ತಿ ಪ್ರಶ್ನೆ ಕೇಳಿ. ತೋಟದ ಆಚೆ ಮೂಲೆ ತೋರಿಸಿದ್ದರೆ ನಾನು ಹತ್ತು ಕೇಳುತ್ತಿದ್ದೆ. ಇಲ್ಲಿ ಒಂದೂ ಕೇಳಲಿಲ್ಲ.

"ಅವರು ತೋರಿಸಿದಲ್ಲೆಲ್ಲ ನೀರು ಬಿದ್ದಿದೆ ಮಾರಾಯ" ಅಂದರು ಭಾವ. ಸರಿ, ತೋರಿಸದ ಜಾಗದಲ್ಲಿ ತೋಡಿದ್ದರೆ? ನಮ್ಮ ಕರಾವಳಿಯಲ್ಲಿ ವರ್ಷಕ್ಕೆ ಸುಮಾರು 4,000 ಮಿಲಿಮೀಟರ್ ಮಳೆ. ಮುರಕಲ್ಲು ತೂತು ತೂತು, ನೀರು ಇಳಿಯುತ್ತದೆ. ಕೆಳಗಿನ ಶೇಡಿ ಮಣ್ಣು, ಅಂದರೆ ನುಣುಪು ಜೇಡಿಮಣ್ಣು, ಅದನ್ನು ಸುಲಭಕ್ಕೆ ಬಿಡುವುದಿಲ್ಲ. ಹೀಗಿರುವಾಗ ತೆರೆದ ಬಾವಿಗೆ ಸುಮ್ನೆ ಎಲ್ಲಿ ಬೆರಳು ತೋರಿಸಿದರೂ ಸುಮಾರು ಸಲ ಗೆಲ್ಲಬಹುದು. ಬೋರ್‌ವೆಲ್ ಕಥೆ ಬೇರೆ, ಅಲ್ಲಿ ಬಂಡೆಯ ಬಿರುಕೇ ಸಿಗಬೇಕು. ಅದಕ್ಕೆ ಬೋರ್‌ನ ಲೆಕ್ಕ ಕೇಳಿ, ಅದರಲ್ಲೂ ನೀರು ಬೀಳದ್ದರ ಲೆಕ್ಕ. ಅದನ್ನು ಯಾರೂ ತಾವಾಗಿ ಹೇಳುವುದಿಲ್ಲ. ನಮ್ಮ ಪಕ್ಕದ ಮನೆಯ ಖಾಲಿ ಬೋರ್ ಮೇಲೆ ಈಗ ತುಳಸಿ ಕುಂಡ ಇದೆ!

ಇನ್ನೊಬ್ಬರನ್ನು ಬೇರೆ ದಿನ ಕರೆಸಿ. ಮೊದಲಿನವರ ಗೂಟ ಕಿತ್ತು, ನೆಲ ಗುಡಿಸಿಡಿ. ನಮ್ಮಲ್ಲಿ ಎರಡನೆಯವರ ಕವೆಗೋಲು ಬಾಗಿದ್ದು ಅರುವತ್ತು ಹೆಜ್ಜೆ ದೂರದ ಹಲಸಿನ ಮರದ ಹತ್ತಿರ. ಕಣ್ಣಿಗೆ ಬಟ್ಟೆ ಕಟ್ಟಿ ನೋಡೋಣವಾ ಅಂತ ಕೇಳಲು ಬಾಯಿ ಬರಲಿಲ್ಲ, ಹಿರಿಯರು. ಅವರು ಮೋಸ ಮಾಡುತ್ತಾರೆ ಅಂತಲ್ಲ. ಮನಸ್ಸಿನಲ್ಲಿ ಇದ್ದದ್ದಕ್ಕೆ ಕೈ ತಾನಾಗಿ ಸ್ವಲ್ಪ ಅಲುಗುತ್ತದೆ, ಅವರಿಗೂ ಗೊತ್ತಾಗುವುದಿಲ್ಲ. ಜರ್ಮನಿಯ ಮ್ಯೂನಿಕ್ ಹತ್ತಿರ 1987-88ರಲ್ಲಿ ಇಂಥ 43 ಜನರನ್ನು ಆರಿಸಿ, ಅವರನ್ನು ಕಟ್ಟಡದ ಮಹಡಿಯಲ್ಲಿ ನಿಲ್ಲಿಸಿ, ಕೆಳ ಅಂತಸ್ತಿನಲ್ಲಿ ನೀರಿನ ಪೈಪನ್ನು ಅತ್ತಿತ್ತ ಸರಿಸಿ, 843 ಸಲ ಪರೀಕ್ಷೆ ಮಾಡಿದ್ದರು. ಹೆಚ್ಚಿನವರದ್ದು ಬರೀ ಅಂದಾಜು. ಕೆಲವರಿಗೆ ನಿಜಕ್ಕೂ ಗೊತ್ತಾಗುತ್ತದೆ ಅಂತ ಪರೀಕ್ಷೆ ಮಾಡಿದವರು ಹೇಳಿದರು. ಅದೇ ಅಂಕಿಗಳನ್ನು ಮತ್ತೆ ನೋಡಿದ ಇನ್ನೊಬ್ಬ ವಿಜ್ಞಾನಿಗೆ ಅದೂ ಅದೃಷ್ಟದ ಆಟವೇ ಅನ್ನಿಸಿತು.

ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಾ? ಮೇ ಕೊನೆಯಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ನೆರೆಯವರ ಬಾವಿಗಳಿಗೆ ಇಳಿಸಿ. ಎಷ್ಟು ಅಡಿಗೆ ಒದ್ದೆಯಾಯಿತು, ತಳ ಎಷ್ಟು, ಬರೆದುಕೊಳ್ಳಿ. ನಾನು ನಾಲ್ಕು ಬಾವಿ ಅಳೆದೆ. ಆಮೇಲೆ ಗುಂಡಿಯಿಂದ ದೂರ, ಇಳಿಜಾರಿನ ತಗ್ಗಿನಲ್ಲಿ ತೋಡಿಸಿದೆ.

34 ಅಡಿಗೆ ನೀರು ಬಂತು. ಒಂದು ಬಾವಿಯಿಂದ ನನ್ನ ಲೆಕ್ಕ ಸರಿ ಅಂತ ಆಗುವುದಿಲ್ಲ, ಅಲ್ವಾ? ಭಾವ ಮಾತ್ರ ಹಲಸಿನ ಮರದಿಂದ ಬಾವಿ ಹನ್ನೆರಡೇ ಹೆಜ್ಜೆ ಅಂತ ಬಂದವರಿಗೆಲ್ಲ ಅಳೆದು ತೋರಿಸುತ್ತಾರೆ.