ಹದಿನಾರು ನನ್ನದು, ಹತ್ತು ಡೀಲರ್‌ದು

ಲಾಸ್ ವೇಗಸ್‌ಗೆ ನಾವು ಹೋಗುವುದು ವರ್ಷಕ್ಕೊಮ್ಮೆ, ಎರಡು ರಾತ್ರಿಗೆ. ಬ್ಲ್ಯಾಕ್‌ಜಾಕ್ ಅಂದರೆ ಇಸ್ಪೀಟು ಆಟ: ನಮ್ಮ ಎಲೆಗಳ ಮೊತ್ತ 21 ದಾಟದೆ, ಕ್ಯಾಸಿನೊ ಪರವಾಗಿ ಎಲೆ ಹಂಚುವ ಡೀಲರ್‌ನ ಮೊತ್ತಕ್ಕಿಂತ ಹೆಚ್ಚಾಗಬೇಕು. ರಾಜ, ರಾಣಿ, ಗುಲಾಮಕ್ಕೆ ಹತ್ತು, ಎಕ್ಕಕ್ಕೆ 11 ಅಥವಾ 1. ಮೊದಲ ಸಲ ಆ ಟೇಬಲ್‌ಗೆ ಕೂತಾಗ 21 ದಾಟಬಾರದು ಅನ್ನುವುದು ಬಿಟ್ಟರೆ ನನಗೆ ಏನೂ ಗೊತ್ತಿರಲಿಲ್ಲ. 12 ಬಂದರೂ ಹೆದರಿ, ಇನ್ನೊಂದು ಎಲೆ ಕೇಳದೆ ನಿಂತುಬಿಡುತ್ತಿದ್ದೆ. ಒಂದು ಗಂಟೆಯೊಳಗೆ 200 ಡಾಲರ್ ಹೋಯಿತು. ಯಾಕೆ ಹೋಯಿತು ಅಂತ ತಿಳಿಯದಿದ್ದುದು ತುಂಬಾ ದಿನ ಕಾಡಿತು.

ಹೊರಡುವಾಗ ಹೋಟೆಲಿನ ಗಿಫ್ಟ್ ಶಾಪ್‌ನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಕಾರ್ಡ್ ಸಿಕ್ಕಿತು. ಎಡಗಡೆ ನಮ್ಮ ಎಲೆಗಳು, ಮೇಲುಗಡೆ ಡೀಲರ್ ತೋರಿಸಿರುವ ಎಲೆ. ಎರಡೂ ಸೇರುವ ಮನೆಯಲ್ಲಿ ಏನು ಮಾಡಬೇಕು ಅಂತ ಒಂದೇ ಅಕ್ಷರ. ಇದೇ ಬೇಸಿಕ್ ಸ್ಟ್ರಾಟಜಿ. ಅಮೆರಿಕದ ಸೈನ್ಯದಲ್ಲಿದ್ದ ನಾಲ್ವರು ಮೇಜಿನ ಮೇಲಿಡುವ ಲೆಕ್ಕದ ಯಂತ್ರಗಳಲ್ಲೇ ಗುಣಿಸಿ ಕೂಡಿಸಿ 1956ರಲ್ಲಿ ಇಂಥ ಲೆಕ್ಕವನ್ನು ಪ್ರಕಟಿಸಿದರು. ಅದನ್ನು ಓದಿದ ಮೇಲೆ ಕಾರ್ಡ್ ಮೇಲೆ ನಂಬಿಕೆ ಬಂತು.

ಮನೆಯಲ್ಲಿ ಊಟದ ಮೇಜಿನ ಮೇಲೆ ಯಜಮಾನರು ಎಲೆ ಹಂಚುತ್ತಿದ್ದರು. ನಾನು ಮಗ್ಗಿ ಒಪ್ಪಿಸುವ ಹಾಗೆ ಉತ್ತರ ಹೇಳುತ್ತಿದ್ದೆ. ಆದರೆ ಸುಮ್ನೆ ಹಂಚುತ್ತಾ ಕೂತರೆ ಸುಲಭದ ಕೈಗಳೇ ಬರುತ್ತವೆ. ಅದಕ್ಕೆ ಎಕ್ಕಗಳನ್ನು ಬೇರೆ ತೆಗೆದಿಟ್ಟು, ಪ್ರತಿ ಸಲ ನನ್ನ ಮೊದಲ ಎಲೆ ಎಕ್ಕವೇ ಆಗುವಂತೆ ಮಾಡಿದೆವು. ನಾನು ಜಾಸ್ತಿ ತಪ್ಪುತ್ತಿದ್ದುದು ಅಲ್ಲೇ. ಎಕ್ಕ ಮತ್ತು 6 ಬಂದರೆ 17 ಆಯಿತಲ್ಲ ಅಂತ ನಿಲ್ಲಬಾರದು. ಎಕ್ಕವನ್ನು 1 ಅಂತಲೂ ಎಣಿಸಬಹುದು, ಹಾಗಾಗಿ ಇನ್ನೊಂದು ಎಲೆ ತೆಗೆದುಕೊಂಡರೆ 21 ದಾಟುವ ಭಯವೇ ಇಲ್ಲ. ಎಕ್ಕ ಮತ್ತು 7 ಇದ್ದು ಡೀಲರ್ ಹತ್ತಿರ 9 ಕಂಡರೂ ಎಲೆ ಕೇಳಬೇಕು. ಇದು ಕೈಗೆ ಕೂರಲು ನನಗೆ ಎರಡು ವಾರ ಬೇಕಾಯಿತು.

ಮುಂದಿನ ಸಲ ಹೋದಾಗ ಕೂರುವ ಮೊದಲು ಟೇಬಲ್ ಬಟ್ಟೆಯ ಮೇಲಿನ ಬರಹ ಓದಿದೆ. ಬ್ಲ್ಯಾಕ್‌ಜಾಕ್, ಅಂದರೆ ಮೊದಲ ಎರಡೇ ಎಲೆಗೆ 21, ಬಂದರೆ 2ಕ್ಕೆ 3 ಲೆಕ್ಕದಲ್ಲಿ 10 ಡಾಲರ್‌ಗೆ 15 ಕೊಡುತ್ತಾರೆ. 5ಕ್ಕೆ 6 ಅಂದರೆ 12 ಮಾತ್ರ. ಕಾರ್ಡ್ ಪ್ರಕಾರ ಆಡಿದರೆ ಒಳ್ಳೆಯ ಟೇಬಲ್‌ನಲ್ಲಿ ಕ್ಯಾಸಿನೊಗೆ ಸರಾಸರಿ ನೂರಕ್ಕೆ ಅರ್ಧ ಡಾಲರ್ ಹೋಗುತ್ತದೆ. 5ಕ್ಕೆ 6ರ ಟೇಬಲ್‌ನಲ್ಲಿ ಅದರ ಮೇಲೆ ಇನ್ನೂ 1.4 ಡಾಲರ್ ಸೇರುತ್ತದೆ. ಗಂಟೆಗೆ 60 ಆಟ, ಒಂದಕ್ಕೆ 15 ಡಾಲರ್ ಅಂತ ಹಿಡಿಯಿರಿ. ನಾಲ್ಕೂವರೆ ಡಾಲರ್ ಹೋಗುವ ಕಡೆ 17 ಹೋಗುತ್ತದೆ. ಕಾರ್ಡ್ ಪೂರ್ತಿ ಬಾಯಿಪಾಠ ಮಾಡಿ ತಪ್ಪು ಟೇಬಲ್‌ಗೆ ಕೂತರೆ ಏನು ಬಂತು, ಅಲ್ವಾ?

ಕೂತ ಸ್ವಲ್ಪ ಹೊತ್ತಿಗೇ ನನಗೆ 16 ಬಂತು. ಡೀಲರ್ ಮುಂದೆ ರಾಣಿ. ಮನಸ್ಸು ನಿಲ್ಲು ಅನ್ನುತ್ತಿತ್ತು. ಆದರೆ ನಿಂತರೆ ಡೀಲರ್ 21 ದಾಟಿದರೆ ಮಾತ್ರ ನನಗೆ ಗೆಲುವು, ಹತ್ತು ತೋರಿಸುತ್ತಿರುವ ಡೀಲರ್ ಹಾಗೆ ದಾಟುವುದು ನಾಲ್ಕರಲ್ಲಿ ಒಂದು ಸಲವೂ ಇಲ್ಲ. ಎಲೆ ಬೇಕು ಅಂತ ಬಟ್ಟೆ ಮೇಲೆ ಬೆರಳು ತಟ್ಟಿದೆ. 8 ಬಂದು ಸೋತೆ. ಪಕ್ಕದಲ್ಲಿ ಕೂತಿದ್ದವರು ತಲೆ ಅಲ್ಲಾಡಿಸಿದರು. ಹತ್ತು ನಿಮಿಷದ ಮೇಲೆ ಮತ್ತೆ ಅದೇ ಕೈ ಬಂತು, ಮತ್ತೆ ತಟ್ಟಿದೆ. ಆಗ 5 ಬಂತು. ನಿಜ ಹೇಳಬೇಕೆಂದರೆ ಈ ಕೈಯಲ್ಲಿ ಎರಡು ದಾರಿಗಳಿಗೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಆದರೂ ಇಲ್ಲಿ ಮನಸ್ಸಿನ ಮಾತು ಕೇಳಿದರೆ, 12 ಇದ್ದು ಡೀಲರ್‌ಗೆ 2 ಬಂದಾಗಲೂ ಹಾಗೇ ಕೇಳುತ್ತೇನೆ ಅಂತ ನನಗೆ ಗೊತ್ತು.

ಡೀಲರ್‌ಗೆ ಎಕ್ಕ ಬಂದಾಗ ಇನ್ಶೂರೆನ್ಸ್, ಅಂದರೆ ಡೀಲರ್‌ನ ಇನ್ನೊಂದು ಎಲೆ ಹತ್ತರದ್ದು ಅನ್ನುವುದರ ಮೇಲೆ ಬೇರೆ ಪಣ, ಬೇಕಾ ಅಂತ ಕೇಳುತ್ತಾರೆ. ಬೇಡ ಅನ್ನುತ್ತೇನೆ. ಅದು ಕೊಡುವುದು ಒಂದಕ್ಕೆ ಎರಡು. ಆದರೆ 13 ಬಗೆಯ ಎಲೆಗಳಲ್ಲಿ ಹತ್ತರ ಬೆಲೆ ಇರುವುದು ನಾಲ್ಕಕ್ಕೆ ಮಾತ್ರ, ಅಂದರೆ ಮೂರರಲ್ಲಿ ಒಂದಕ್ಕಿಂತ ಕಡಿಮೆ.

ಎರಡು 8 ಬಂದು ಡೀಲರ್ ಮುಂದೆ ಹತ್ತು ಇದ್ದರೆ ನನಗೆ ಇವತ್ತಿಗೂ ಕೈ ತಡೆಯುತ್ತದೆ. ಒಡೆದು ಎರಡು ಕೈ ಮಾಡಬೇಕು, ಅಂದರೆ ಸೋಲುವ ಜಾಗದಲ್ಲಿ ಇನ್ನೊಂದು 15 ಡಾಲರ್ ಇಡಬೇಕು. ಆಗ ಪರ್ಸ್‌ನಿಂದ ಕಾರ್ಡ್ ತೆಗೆದು ನೋಡುತ್ತೇನೆ. ಟೇಬಲ್‌ನಲ್ಲಿ ಅದಕ್ಕೆ ಯಾರೂ ಬೇಡ ಅನ್ನುವುದಿಲ್ಲ, ಡೀಲರ್ ಕಾಯುತ್ತಾರೆ. ನೋಡಿ, ಇನ್ನೊಂದು ಚಿಪ್ ಪಕ್ಕಕ್ಕೆ ಇಡುತ್ತೇನೆ.