ಶಾಲೆಯ ಹುಡುಗರು ಇಂಗ್ಲೆಂಡಿಗೆ ಆಡಲು ಬಂದಾಗ

ನಮ್ಮ ಬೆಂಗಳೂರಿನ ಶಾಲೆಯ ಹದಿನೈದು ವರ್ಷದೊಳಗಿನ ಕ್ರಿಕೆಟ್ ತಂಡ ಜುಲೈನಲ್ಲಿ ಇಂಗ್ಲೆಂಡಿಗೆ ಬರುತ್ತದೆ ಅಂತ ಸುದ್ದಿ ಬಂತು. ಇಲ್ಲಿರುವ ಹಳೆ ವಿದ್ಯಾರ್ಥಿಗಳ ವಾಟ್ಸ್ಆ್ಯಪ್ ಗುಂಪಿನಲ್ಲಿ ಮೊದಲು ಎದ್ದ ಪ್ರಶ್ನೆ, ಸನ್ಮಾನ ಯಾವ ಹೋಟೆಲಿನಲ್ಲಿ ಅಂತ. ಹಾರ, ಶಾಲು, ಯಾರು ಮಾತಾಡಬೇಕು, ಯಾರು ವಂದನಾರ್ಪಣೆ. ಆಟದ ಮಾತೇ ಇಲ್ಲ.

ನಾನು ಸುಮ್ನೆ ಪಿ.ಟಿ. ಸರ್‌ಗೆ ಫೋನ್ ಮಾಡಿ ಏನು ಬೇಕು ಅಂತ ಕೇಳಿದೆ. "ಊಟ, ಗಾಡಿ, ಬಟ್ಟೆ ಒಗೆಯೋಕೆ ಒಂದು ದಾರಿ. ಇಷ್ಟು ನೋಡ್ಕೊಳ್ಳಮ್ಮ, ಹಾರ ಆಮೇಲೆ ಹಾಕಿ" ಅಂದರು. ಅದನ್ನೇ ಗುಂಪಿಗೆ ಹಾಕಿದೆ. ಹೋಟೆಲಿನ ದುಡ್ಡು ಮಿನಿಬಸ್ಸಿಗೆ ಹೋಯಿತು.

ನಾವೇ ಗಾಡಿ ಓಡಿಸೋಣ ಅಂದವರಿದ್ದರು. ಆದರೆ ಇಲ್ಲಿ 1997ರಿಂದೀಚೆಗೆ ಕಾರಿನ ಲೈಸೆನ್ಸ್ ಪಡೆದವರು ಸಾಮಾನ್ಯವಾಗಿ 8 ಪ್ರಯಾಣಿಕರ ಗಾಡಿವರೆಗೆ ಮಾತ್ರ ಓಡಿಸಬಹುದು. ವಿನಾಯಿತಿಗಳಿವೆ, ಆದರೆ ಬೇರೆಯವರ ಮಕ್ಕಳನ್ನು ಕೂರಿಸಿಕೊಂಡು ಆ ವಿನಾಯಿತಿ ನಮಗೆ ಹೊಂದುತ್ತೋ ಇಲ್ವೋ ಅಂತ ತಲೆ ಕೆಡಿಸಿಕೊಳ್ಳೋದು ಯಾಕೆ? ಡ್ರೈವರ್ ಸಮೇತ ಬಾಡಿಗೆಗೆ ತೆಗೆದುಕೊಂಡೆವು. ನಮ್ಮ ಕಾರುಗಳು ಕಿಟ್ ಬ್ಯಾಗು, ಊಟದ ಡಬ್ಬಿ ಹೊತ್ತವು.

ನಿಜಕ್ಕೂ ಉಪಯೋಗಕ್ಕೆ ಬಂದದ್ದು ಮುಂಚೆಯೇ ಸರ್‌ಗೆ ಕಳಿಸಿದ ಇಲ್ಲಿನ ನಿಯಮಗಳು. ಹದಿನೆಂಟರೊಳಗಿನವರು ಬ್ಯಾಟಿಂಗಿಗೆ ಹೆಲ್ಮೆಟ್ ಹಾಕಲೇಬೇಕು. ಸ್ಟಂಪ್ ಹತ್ತಿರ ನಿಲ್ಲುವ ಕೀಪರ್‌ಗೂ ಮುಖಕ್ಕೆ ರಕ್ಷಣೆ ಕಡ್ಡಾಯ. ಹದಿನೈದರೊಳಗಿನವರ ಆಟದಲ್ಲಿ, ಆಫ್ ಸೈಡಿನಲ್ಲಿ ವಿಕೆಟ್ ಹಿಂದೆ ನಿಲ್ಲುವವರನ್ನು ಬಿಟ್ಟರೆ, ಬ್ಯಾಟ್ಸ್‌ಮನ್ ಆಡುವವರೆಗೆ ಯಾವ ಫೀಲ್ಡರೂ ಮಧ್ಯದ ಸ್ಟಂಪಿಗೆ 8 ಗಜಕ್ಕಿಂತ ಹತ್ತಿರ ಬರುವಂತಿಲ್ಲ. ನಮ್ಮದು ಸ್ಪಿನ್ ನಂಬಿದ ತಂಡ. ಬ್ಯಾಟ್ಸ್‌ಮನ್ ಪಕ್ಕದಲ್ಲೇ ಲೆಗ್ ಸೈಡಿಗೆ ನಿಲ್ಲುವ ಫೀಲ್ಡರ್, ಅಂದರೆ ಫಾರ್ವರ್ಡ್ ಶಾರ್ಟ್ ಲೆಗ್, ಇಲ್ಲದೆ ಆಫ್ ಸ್ಪಿನ್ನರ್ ಏನು ಮಾಡಬೇಕು ಅಂತ ಸರ್ ಬೆಂಗಳೂರಿನಲ್ಲೇ ಯೋಚಿಸಿಕೊಂಡು ಬಂದರು. ಜೊತೆಗೆ ಇಲ್ಲಿ ಬಳಸುವ ಡ್ಯೂಕ್ಸ್ ಕಂಪನಿಯ ಚೆಂಡು. ಊರಲ್ಲಿ ಎಸ್‌ಜಿ ಚೆಂಡಿಗೆ ಒಗ್ಗಿದ ಕೈಗೆ ಅದು ಬೇರೆಯೇ. ಮೋಡ ಕವಿದ ಬೆಳಿಗ್ಗೆ ನಮ್ಮ ಓಪನಿಂಗ್ ಬೌಲರ್ ಹಾಕಿದ್ದೆಲ್ಲ ಲೆಗ್ ಸೈಡಿಗೆ ವೈಡ್. ಸ್ಲೌ (Slough) ಊರಿನ ಅಂಚಿನಲ್ಲಿರುವ ಗೆಳೆಯರೊಬ್ಬರ ಕ್ಲಬ್ಬಿನಲ್ಲಿ ಅಭ್ಯಾಸಕ್ಕೆ ನೆಟ್ಸ್ ಸಿಕ್ಕಿದ ಮೇಲೆ ಲೈನ್ ಸರಿಹೋಯಿತು.

ಬಟ್ಟೆಯ ಕೆಲಸ ನನ್ನ ಪಾಲಿಗೆ ಬಂತು. ಬಿಳಿ ಪ್ಯಾಂಟಿನ ತೊಡೆಯ ಮೇಲೆ ಚೆಂಡು ಉಜ್ಜಿದ ಕೆಂಪು ಗೀರು, ಮಂಡಿಯಲ್ಲಿ ಹುಲ್ಲಿನ ಹಸಿರು. ಹಸಿರಿಗೆ ಲಿಕ್ವಿಡ್ ಸೋಪ್ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಹಳೆ ಟೂತ್ ಬ್ರಷ್‌ನಲ್ಲಿ ತಿಕ್ಕಿ ಮೆಷಿನ್‌ಗೆ ಹಾಕಿದರೆ ಸುಮಾರಾಗಿ ಹೋಗುತ್ತದೆ. ಕೆಂಪು ಪೂರ್ತಿ ಹೋಗಲಿಲ್ಲ. ಬೌಲರ್‌ಗಳಿಗೆ ಅದೇ ಹೆಮ್ಮೆ, ಹೋಗೋದೂ ಬೇಕಿರಲಿಲ್ಲ!

ಊಟದ ವಿಷಯದಲ್ಲಿ ಒಂದು ಮಾತು. ಇಲ್ಲಿ ಪಂದ್ಯದ ನಡುವೆ ಆತಿಥೇಯ ಕ್ಲಬ್ ಟೀ ಕೊಡುವ ಪದ್ಧತಿ ಇದೆ. ಸ್ಯಾಂಡ್‌ವಿಚ್, ಕೇಕು. ಮೊಟ್ಟೆ ತಿನ್ನದ ಹುಡುಗರಿದ್ದರೆ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಅವರಿಗೆ ಉಳಿಯೋದು ಬರೀ ಸೌತೆಕಾಯಿ ಸ್ಯಾಂಡ್‌ವಿಚ್. ನಾವು ಹಾಟ್‌ಬಾಕ್ಸಿನಲ್ಲಿ ಚಿತ್ರಾನ್ನ, ಮೊಸರನ್ನ ಒಯ್ದೆವು. ಬಿಸಿಬೇಳೆಬಾತ್ ಬೇಡ ಅಂತ ನಾನೇ ತಡೆದೆ, ಅದನ್ನು ಹೊಟ್ಟೆ ತುಂಬ ತಿಂದು ಯಾರು ಫೀಲ್ಡಿಂಗ್ ಮಾಡ್ತಾರೆ?

ಜನ ಜಾಸ್ತಿ ಸೇರಿದ್ದು ವಾರದ ನಡುವಿನ ಇಪ್ಪತ್ತು ಓವರ್ ಪಂದ್ಯಕ್ಕೆ. ಜುಲೈ ಮೊದಲಲ್ಲಿ ಸೂರ್ಯ ಮುಳುಗೋದು ರಾತ್ರಿ 9 ದಾಟಿದ ಮೇಲೆ. ಆಫೀಸ್ ಮುಗಿಸಿ ರೆಡಿಂಗ್, ಮಿಲ್ಟನ್ ಕೀನ್ಸ್‌ನಂಥ ಊರುಗಳಿಂದ ಬಂದರೂ ಆಟ ಸಿಗುತ್ತದೆ. ತಲೆ ನರೆತ ಹಳೆ ವಿದ್ಯಾರ್ಥಿಗಳು, ಸರ್ ಹತ್ತಿರ ಬಂದ ಕೂಡಲೇ, ಕುರ್ಚಿಯಿಂದ ಎದ್ದು ನಿಂತರು. ಒಬ್ಬರಂತೂ ಸಿಗರೇಟನ್ನು ಬೆನ್ನ ಹಿಂದೆ ಹಿಡಿದಿದ್ದರು. ಸರ್ ನೋಡಿಯೂ ನೋಡದ ಹಾಗೆ, "ಲೇಟಾಗಿ ಬಂದ್ಯಲ್ಲೋ" ಅಂದರು. ಹುಡುಗರಿಗೆ ಪಂದ್ಯಕ್ಕಿಂತ ಅದೇ ಮಜಾ.

ಕೊನೆಗೆ ಒಂದು ದಿನ ಸುತ್ತಾಟ. ಲಂಡನ್ನಿನ ಲಾರ್ಡ್ಸ್ ಕ್ರಿಕೆಟ್ ಮೈದಾನ ನೋಡಿ, ಥೇಮ್ಸ್ ದಂಡೆಯಲ್ಲಿ 2015ರಲ್ಲಿ ಅನಾವರಣಗೊಂಡ ಬಸವಣ್ಣನ ಪ್ರತಿಮೆ ಮುಂದೆ ಫೋಟೊ ತೆಗೆಸಿಕೊಂಡೆವು. ಭಾಷಣವೂ ಆಯಿತು, ಮಿನಿಬಸ್ ಬರುವಷ್ಟರಲ್ಲಿ ಮುಗಿಸಬೇಕು ಅನ್ನೋ ಷರತ್ತಿನ ಮೇಲೆ.

ಮುಂದಿನ ಸಲ ಹುಡುಗಿಯರ ತಂಡ ಕಳಿಸಿ ಅಂತ ಶಾಲೆಗೆ ಬರೆದಿದ್ದೇವೆ. ಮಿನಿಬಸ್ ಖರ್ಚು ನಮ್ಮದು ಅಂತಲೂ ಸೇರಿಸಿದ್ದೇವೆ.